ಬೆವರದ ಮೈ

ಹೊದಿಸಿದ್ದು ಯಾರು ಎಂದು ಡಾಕ್ಟರಮ್ಮ ಕೇಳಿದಾಗ ರಮಾನಾಥನ ಬಾಯಿಂದ ‘ಸ್ಟಾಫಿನವರು’ ಎಂಬ ಮಾತು ಅವನ ಅಪ್ಪಣೆಗೂ ಕಾಯದೆ ಹೊರಬಿತ್ತು. ಬಿದ್ದ ಮೇಲೆ ಹೆಕ್ಕಿಕೊಳ್ಳುವುದು ಹೇಗೆ? ಆಕೆ ಅವನ ಮುಖವನ್ನೂ ನೋಡದೆ ಕಾಗದದ ಮೇಲೆ ಏನನ್ನೋ ಬರೆದುಕೊಂಡಳು. ಹೆಚ್ಚೆಂದರೆ ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ. ಬೆನ್ನಿಗೆ ಬಿಳಿಯ ಕೋಟು ಒದ್ದೆಯಾಗಿ ಅಂಟಿಕೊಂಡಿತ್ತು. ಬರೆಯುತ್ತಲೇ ಆಕೆ ಹಿಂದಿಯಲ್ಲಿ ಹೇಳಿದಳು: ತಂದಾಗ ಈ ರೋಗಿಯ ಮೈ ನೂರಾ ಏಳು ಡಿಗ್ರಿ ಇತ್ತು, ಇದು ಜ್ವರವಲ್ಲ, ಬಿಸಿಲ ಝಳದ ಹೊಡೆತ. ಬೆವರು ನಿಂತಿತು ಎಂದರೆ ಒಳಗಿನ ಕಾವು ಹೊರಗೆ ಹೋಗುವ ದಾರಿ ಮುಚ್ಚಿತು ಎಂದು ಅರ್ಥ. ಅಂಥವನ ಮೇಲೆ ಯಾರೋ ಪುಣ್ಯಾತ್ಮರು ಕಂಬಳಿ ಬೇರೆ ಹೊದಿಸಿದ್ದಾರೆ. ‘ಬದುಕುತ್ತಾನಾ?’ ಎಂದು ರಮಾನಾಥ ಕೇಳಿದ. ಈಗಲೇ ಏನೂ ಹೇಳಲಾಗುವುದಿಲ್ಲ, ಮೈ ತಣ್ಣಗಾಗಬೇಕು, ಪ್ರಜ್ಞೆ ಬರಬೇಕು, ಕಿಡ್ನಿ ಕೆಲಸ ಮಾಡಬೇಕು, ಸಂಜೆಯವರೆಗೆ ಕಾಯಿರಿ ಎಂದು ಆಕೆ ಒಳಗೆ ಹೋದಳು. ಬಾಗಿಲು ಎರಡು ಸಲ ಹಿಂದೆ ಮುಂದೆ ಆಡಿ ನಿಂತಿತು.

ಕಾರಿಡಾರಿನಲ್ಲಿ ಕಬ್ಬಿಣದ ಬೆಂಚು. ಅದರ ಮೇಲೆ ಕೂತರೆ ಪ್ಯಾಂಟು ಅಂಟಿಕೊಳ್ಳುತ್ತಿತ್ತು, ಎದ್ದರೆ ಬಿಟ್ಟ ಜಾಗದಲ್ಲಿ ಒದ್ದೆಯ ಗುರುತು. ಇಪ್ಪತ್ತೆರಡು ವರ್ಷದಿಂದ ಮುಂಬಯಿಯ ಫೋರ್ಟಿನ ಒಂದೇ ಉಡುಪಿ ಹೋಟೆಲಿನ ಮ್ಯಾನೇಜರಾಗಿರುವ ರಮಾನಾಥನಿಗೆ ಹಗಲು ಹೊತ್ತಿನಲ್ಲಿ ಹೀಗೆ ಕೆಲಸವಿಲ್ಲದೆ ಕೂತು ಅಭ್ಯಾಸವಿಲ್ಲ. ಮಧ್ಯಾಹ್ನ ಎರಡೂವರೆ. ಹೋಟೆಲಿನಲ್ಲಿ ಈಗ ಊಟದ ಗದ್ದಲ ಇಳಿದು, ಕೋರ್ಟಿನ ವಕೀಲರು ಕೊನೆಯ ಕಾಫಿಗೆ ಬರುವ ಸಮಯ. ದೋಸೆಯ ಕಾವಲಿಯ ಮುಂದೆ ಯಾರು ನಿಂತಿರಬಹುದು? ಎಂಟು ವರ್ಷದಿಂದ ಆ ಕಾವಲಿಯ ಮುಂದೆ ನಿಂತಿದ್ದವನು ಮುರಿಗೆಪ್ಪ, ಇಂಡಿ ಕಡೆಯವನು, ನಲವತ್ತೈದರ ಗಟ್ಟಿ ಆಳು; ಕರಾವಳಿಯವರೇ ತುಂಬಿದ್ದ ಅಡುಗೆಮನೆಯಲ್ಲಿ ಒಬ್ಬನೇ ಘಟ್ಟದ ಆಚೆಯವನು. ಜೋಳದ ರೊಟ್ಟಿ ತಿಂದು ಬೆಳೆದ ಕೈಗೆ ದೋಸೆ ಒಲಿದದ್ದು ಹೇಗೆ ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದರು. ಒಲಿದಿತ್ತು, ಸುಳ್ಳಲ್ಲ. ಈಗ ಅದೇ ಮುರಿಗೆಪ್ಪ ಬಾಗಿಲ ಆಚೆ ಬರೀ ಮೈಯಲ್ಲಿ ಮಂಜುಗಡ್ಡೆಯ ಚೀಲಗಳ ನಡುವೆ ಮಲಗಿದ್ದಾನೆ. ಹೊದಿಸಿದ್ದು ಸ್ಟಾಫಿನವರಂತೆ! ಸ್ಟಾಫು ಎಂದರೆ ಯಾರು, ರಮಾನಾಥ? ಹೆಸರು ಹೇಳು ಎಂದು ಆ ಹುಡುಗಿ ಕೇಳಿದ್ದರೆ ಯಾರ ಹೆಸರು ಹೇಳುತ್ತಿದ್ದೆ?

ಈ ಸಲದ ಏಪ್ರಿಲ್ ಮುಂಬಯಿಯನ್ನು ಹಬೆಯಲ್ಲಿ ಬೇಯಲಿಕ್ಕೆ ಇಟ್ಟಿತ್ತು. ಟೀವಿಯವರು ಮೂವತ್ತೇಳು ಡಿಗ್ರಿ ಎಂದು ಹೇಳಿ, ಅನುಭವಕ್ಕೆ ನಲವತ್ತಾರು ಎಂದು ಇನ್ನೊಂದು ಲೆಕ್ಕ ಕೊಡುತ್ತಿದ್ದರು. ಸಮುದ್ರದ ಮೇಲಿಂದ ಬರುವ ಗಾಳಿಯೇ ಒದ್ದೆ, ಮೈಯ ಬೆವರನ್ನು ಅದು ಒಯ್ಯುವುದಾದರೂ ಎಲ್ಲಿಗೆ? ಬೆಳಿಗ್ಗೆ ಮುಲುಂಡಿನಲ್ಲಿ ಲೋಕಲ್ ಹತ್ತಿದಾಗಿನಿಂದ ರಮಾನಾಥನ ಶರ್ಟು ಒಂದು ಸಲವೂ ಒಣಗಿರಲಿಲ್ಲ. ಸಯನ್ ದಾಟುವಾಗ ಪಕ್ಕದಲ್ಲಿ ನಿಂತವನ ಮೊಣಕೈಯಿಂದ ಇಳಿದ ಬೆವರು ಇವನ ಕೈಮೇಲೆ ಹರಿದು, ಯಾರ ಬೆವರು ಯಾರದ್ದೆಂದು ತಿಳಿಯದೆ ಹೇಸಿಗೆಯಾಗಿತ್ತು. ಊರಿನಲ್ಲೂ ಸೆಕೆ ಇತ್ತು, ಕಾಪುವಿನ ಕಡಲ ದಂಡೆಯ ಮನೆಯಲ್ಲಿ ಮೇ ತಿಂಗಳೆಂದರೆ ಇಷ್ಟೇ ಸೆಕೆ, ಆದರೆ ಅಲ್ಲಿ ಬಾವಿಯಿಂದ ನಾಲ್ಕು ಕೊಡ ಎಳೆದು ಹೊಯ್ದುಕೊಂಡರೆ ಮುಗಿಯಿತು. ಇಲ್ಲಿ ನಲ್ಲಿಯ ನೀರೂ ಬಿಸಿ. ಅಡುಗೆಮನೆಯ ಕಥೆಯಂತೂ ಕೇಳಲೇಬೇಡಿ. ಕಾವಲಿಯ ಹತ್ತಿರ ಫ್ಯಾನು ಹಾಕುವ ಹಾಗಿಲ್ಲ. ಗಾಳಿ ಬಿದ್ದರೆ ಉರಿ ಅಲ್ಲಾಡುತ್ತದೆ, ದೋಸೆಯ ಮೈ ಒಣಗಿ ಬಿಳಿಚುತ್ತದೆ ಎಂಬುದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಅದನ್ನು ಮುರಿಗೆಪ್ಪನಿಗೆ ಮೊದಲ ದಿನ ಕಲಿಸಿದವನೂ ರಮಾನಾಥನೇ.

ಹೋದ ವರ್ಷ ಧಣಿಗಳು ಕಾವಲಿಗೂ ಗಿರಾಕಿಗಳ ಕೋಣೆಗೂ ನಡುವಿದ್ದ ಗೋಡೆ ಒಡೆಸಿ ಗಾಜು ಹಾಕಿಸಿದ್ದರು. ದೋಸೆ ಆಗುವುದನ್ನು ಜನ ನೋಡಲಿ, ಈಗ ಅದೇ ಫ್ಯಾಶನ್ನು ಎಂದು. ಜನ ನೋಡಿದರು. ಮಂಗಳವಾರ ಗಾಜಿನ ಎದುರಿನ ಮೇಜಿನಲ್ಲಿ ಕೂತಿದ್ದ ಟೈ ಕಟ್ಟಿದ ಯುವಕನೊಬ್ಬ ರಮಾನಾಥನನ್ನು ಬೆರಳು ಮಡಚಿ ಕರೆದು ಮೊಬೈಲು ಮುಖಕ್ಕೆ ಹಿಡಿದ. ಅದರಲ್ಲಿ ಮುರಿಗೆಪ್ಪ ಬಗ್ಗಿ ದೋಸೆ ಎಬ್ಬಿಸುತ್ತಿದ್ದಾನೆ, ಮೂಗಿನ ತುದಿಯಲ್ಲಿ ಹನಿಯೊಂದು ತೂಗಿ, ತೂಗಿ, ಕಾವಲಿಯ ಮೇಲೆ ಬಿತ್ತು. ಚುಂಯ್ ಎಂದದ್ದು ಕೂಡ ಕೇಳಿಸುವಂತಿತ್ತು. ಯುವಕ ಅದನ್ನು ಮತ್ತೆ ಮತ್ತೆ ತೋರಿಸಿದ, ಪಕ್ಕದ ಮೇಜಿನವರಿಗೂ ತೋರಿಸಿದ, ಇಪ್ಪತ್ತು ವರ್ಷದಿಂದ ‘ಕ್ಯಾ ರಮಾನಾಥ್‌ಜೀ’ ಎಂದು ಮಾತಾಡಿಸುತ್ತಿದ್ದ ಹಿರಿಯ ವಕೀಲರೊಬ್ಬರು ಅರ್ಧ ತಿಂದ ಮಸಾಲೆ ದೋಸೆಯ ತಟ್ಟೆಯನ್ನು ಸದ್ದಿಲ್ಲದೆ ಮುಂದಕ್ಕೆ ತಳ್ಳಿದರು. ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು. ಹಾಗೆ ತಟ್ಟೆ ತಳ್ಳಿದ್ದು ರಮಾನಾಥನ ಎದೆಗೇ ತಾಗಿತು. ಕೈಮುಗಿದ, ತಲೆ ತಗ್ಗಿಸಿದ, ಹಲ್ಲು ಕಿರಿದ, ವಿಡಿಯೋ ಎಲ್ಲಿಗೂ ಹಾಕಬೇಡಿ ಎಂದು ತನಗಿಂತ ಮೂವತ್ತು ವರ್ಷ ಚಿಕ್ಕವನ ಮುಂದೆ ಬೇಡಿಕೊಂಡ. ಆಮೇಲೆ ಅಡುಗೆಮನೆಗೆ ನುಗ್ಗಿದ.

ಎಲ್ಲರ ಮುಂದೆಯೇ ಮುರಿಗೆಪ್ಪನಿಗೆ ಅಂದುಬಿಟ್ಟ. ಒಳಗೆ ಕರೆದು ಅನ್ನಬಹುದಿತ್ತು, ಕೆಲಸ ಮುಗಿದ ಮೇಲೆ ಅನ್ನಬಹುದಿತ್ತು. “ಇನ್ನೊಂದು ಹನಿ ಬೆವರು ನಿನ್ನ ಮೈಮೇಲೆ ಕಾಣ್ಬಾರ್ದು ಮುರಿಗೆಪ್ಪ,” ಎಂದಿದ್ದ. “ಕಂಡ್ರೆ ಪಾತ್ರೆ ತೊಳೀಲಿಕ್ಕೆ ಹೋಗು. ಕಾವಲಿಗೆ ಬೇರೆ ಜನ ಉಂಟು.” ಮುರಿಗೆಪ್ಪ ತುಂಡು ಬಟ್ಟೆಯಿಂದ ಮುಖ ಒರೆಸಿಕೊಂಡು ಆತ್ರಿ ಎಂದ. ಬೆವರು ಬರದ ಹಾಗೆ ಮಾಡುವುದು ಹೇಗೆ ಎಂದು ಕೇಳಲಿಲ್ಲ. ಕೇಳಿದ್ದರೆ ರಮಾನಾಥನ ಹತ್ತಿರ ಏನು ಉತ್ತರವಿತ್ತು, ಮಣ್ಣು? ಸಿಟ್ಟಿನ ಮಾತಿಗೆ ಅರ್ಥವನ್ನು ಯಾರು ಹುಡುಕುತ್ತಾರೆ? ಆದರೆ ಅನ್ನಿಸಿಕೊಂಡವನು ಹುಡುಕಿದ್ದ. ಅದು ರಮಾನಾಥನಿಗೆ ಗೊತ್ತಾದದ್ದು ಇವತ್ತು, ಒಂದೂವರೆ ಗಂಟೆ ಹಿಂದೆ, ಟ್ಯಾಕ್ಸಿಯಲ್ಲಿ. ಹಿಂದಿನ ಸೀಟಿನಲ್ಲಿ ಮುರಿಗೆಪ್ಪನ ತಲೆ ತೊಡೆಯ ಮೇಲಿಟ್ಟುಕೊಂಡಿದ್ದ ಅನಿಲ, ಬಡಿಸುವವರಲ್ಲಿ ಎಲ್ಲರಿಗಿಂತ ಹಳಬ, ಕುಂದಾಪುರದವನು, ಮುಂದಿನ ಸೀಟಿನ ರಮಾನಾಥನ ಬೆನ್ನಿಗೆ ಹೇಳುವವನಂತೆ ಹೇಳಿದ: “ಮಂಗಳವಾರದಿಂದ ಇವ ನೀರೇ ಕುಡೀಲಿಲ್ಲ ರಮಣ್ಣ. ಒಳಗೆ ಹೋದ್ರೆ ತಾನೆ ಹೊರಗೆ ಬರೂದು ಅಂತಿದ್ದ.” ರಮಾನಾಥ ತಿರುಗಿ ನೋಡಲಿಲ್ಲ. ಟ್ಯಾಕ್ಸಿಯವನಿಗೆ ಸಿಗ್ನಲ್ ನೋಡಬೇಡ, ಹೊಡಿ ಎಂದ.

ಮೂರು ದಿನ. ಆ ಬೆಂಕಿಯ ಮುಂದೆ, ಈ ಏಪ್ರಿಲಿನಲ್ಲಿ, ಬಾಯಿ ಒದ್ದೆ ಮಾಡುವಷ್ಟೇ ನೀರು. ಮತ್ತು ರಮಾನಾಥ, ಕಣ್ಣಿದ್ದೂ ಕುರುಡ, ಅದನ್ನು ನೋಡಿ ಸಂತೋಷಪಟ್ಟಿದ್ದ. ಇವತ್ತು ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಗಾಜಿನ ಈ ಕಡೆಯಿಂದ ನೋಡಿದರೆ ಮುರಿಗೆಪ್ಪನ ಹಣೆ, ಕುತ್ತಿಗೆ, ಮೊಣಕೈ ಎಲ್ಲ ಒಣ. ಉಳಿದ ಅಡುಗೆಯವರೆಲ್ಲ ನೀರಿನಲ್ಲಿ ಮುಳುಗಿ ಎದ್ದವರಂತಿದ್ದರೆ ಇವನೊಬ್ಬನ ಮೈ ಒರೆಸಿಟ್ಟ ಹಾಗೆ. ಮುಖ ಮಾತ್ರ ಕೆಂಪು. ಬೈದದ್ದು ನಾಟಿದೆ ಎಂದುಕೊಂಡ ರಮಾನಾಥ. ಮೂರು ದಿನದಿಂದ ಆ ಬೈಗುಳ ಅವನ ಹೊಟ್ಟೆಯಲ್ಲೂ ಕಲ್ಲಿನ ಹಾಗೆ ಕೂತಿತ್ತು, ಯಾವಾಗ ಒಂದು ಒಳ್ಳೆಯ ಮಾತಾಡಿ ಕಳೆದುಕೊಳ್ಳಲಿ ಎಂದು ಕಾಯುತ್ತಿದ್ದ. ಒಳಗೆ ಹೋಗಿ ಎಲ್ಲರಿಗೂ ಕೇಳುವಂತೆ ಹೊಗಳಿದ: ನೋಡಿ, ಮನಸ್ಸು ಮಾಡಿದರೆ ಆಗುತ್ತದೆ, ಮುರಿಗೆಪ್ಪನನ್ನು ನೋಡಿ ಕಲಿಯಿರಿ. ಮುರಿಗೆಪ್ಪ ನಕ್ಕ. ನಗುವಾಗ ಅವನ ತುಟಿ ಸೀಳಿ ಸಣ್ಣದೊಂದು ರಕ್ತದ ಗೆರೆ ಕಂಡದ್ದು ಈಗ, ಈ ಬೆಂಚಿನ ಮೇಲೆ, ಸ್ಪಷ್ಟವಾಗಿ ಕಾಣುತ್ತಿದೆ. ಆಗ ಕಂಡಿತ್ತೋ ಇಲ್ಲವೋ ಎಂದು ರಮಾನಾಥ ತನ್ನನ್ನೇ ಕೇಳಿಕೊಂಡ. ಕಂಡಿತ್ತು.

ಹನ್ನೊಂದು ಗಂಟೆಗೆ ಮುರಿಗೆಪ್ಪ ಹಿಟ್ಟನ್ನು ಕಾವಲಿಯ ಬದಲು ಪಕ್ಕದ ಕಲ್ಲಿನ ಕಟ್ಟೆಯ ಮೇಲೆ ಹುಯ್ದು ದುಂಡಗೆ ಸವರಿದ. ಒಂದು, ಎರಡು, ಮೂರು. ಯಾರೋ ನಕ್ಕರು. ಅವನು ನಗುವವರನ್ನು ನೋಡದೆ, ಬಸ್ಸು ಬಿಟ್ಟಿತೇನು ಎಂದು ಯಾರನ್ನೋ ಕೇಳುತ್ತ ಹಾಗೇ ಕುಸಿದು ಕೂತ. ರಮಾನಾಥ ಓಡಿಹೋಗಿ ಹಣೆ ಮುಟ್ಟಿ ನೋಡಿ ಕೈ ಹಿಂದಕ್ಕೆ ಎಳೆದುಕೊಂಡ. ಸುಡುತ್ತಿತ್ತು. ಜ್ವರ, ಸಂಶಯವೇ ಇಲ್ಲ, ಚಳಿಜ್ವರದ್ದೇ ಒಂದು ಹೊಸ ಥರ. ಮೈ ಬೆವರಿಲ್ಲ ಎಂದರೆ ಜ್ವರ ಒಳಗೇ ಕಟ್ಟಿದೆ. ಇದನ್ನೆಲ್ಲ ಅವನು ಯಾರಿಂದಲೂ ಕೇಳಿ ತಿಳಿಯಬೇಕಾಗಿರಲಿಲ್ಲ. ನಾಲ್ವರು ಸೇರಿ ಮುರಿಗೆಪ್ಪನನ್ನು ಎತ್ತಿ ಅಡುಗೆಮನೆಯ ಮೇಲಿನ ಅಟ್ಟಕ್ಕೆ, ಕೆಲಸದವರು ಮಲಗುವ ಜಾಗಕ್ಕೆ, ಸಾಗಿಸಿದರು. ರಮಾನಾಥ ಅಲ್ಲಿದ್ದ ಒಂದೇ ಕಿಟಕಿ ಮುಚ್ಚಿಸಿದ, ಜ್ವರದವನಿಗೆ ಗಾಳಿ ಆಗದು. ಫ್ಯಾನು ಆರಿಸಿದ. ಸೊಂಟಕ್ಕೆ ಟವೆಲು ಕಟ್ಟಿ ತಾನೇ ಕಾಳುಮೆಣಸು, ಶುಂಠಿ, ಕೊತ್ತಂಬರಿ ಕುಟ್ಟಿ ಕಷಾಯ ಕಾಯಿಸಿದ. ಎಷ್ಟು ವರ್ಷವಾಗಿತ್ತು ಹಾಗೆ ಒಲೆಯ ಮುಂದೆ ನಿಂತು! ಒಬ್ಬನಿಗಾಗಿ ಏನೋ ಮಾಡುತ್ತಿದ್ದೇನೆ ಎಂಬ ಸುಖ ಮೈತುಂಬ ಹರಿಯಿತು. ಅರೆಪ್ರಜ್ಞೆಯಲ್ಲಿದ್ದವನ ತಲೆ ಎತ್ತಿ ಹಿಡಿದು ನಾಲ್ಕು ಗುಟುಕು ಕುಡಿಸಿ, ತನ್ನ ಕೈಯಾರೆ ಕಂಬಳಿ ಹೊದಿಸಿ, ಸಾಲದೆಂದು ಮತ್ತೊಂದು ಹೊದಿಸಿ, ಕಾಲ ಬಳಿ ಗಾಳಿ ನುಸುಳದಂತೆ ಅಂಚು ಮಡಚಿದ.

ಅಮ್ಮ ಹೀಗೆಯೇ ಮಡಚುತ್ತಿದ್ದಳು. ಏಳೆಂಟು ವರ್ಷದ ರಮಾನಾಥ, ಜ್ವರದಲ್ಲಿ ತೊಲೆಗಳು ಹತ್ತಿರ ಬಂದು ದೂರ ಹೋಗುತ್ತಿವೆ, ಅಮ್ಮ ಕಷಾಯದ ಲೋಟ ಹಿಡಿದು ಕೂತಿದ್ದಾಳೆ. ಕಂಬಳಿಯ ಚುಚ್ಚು, ಮೆಣಸಿನ ಖಾರ, ಮತ್ತೆ ಎಷ್ಟೋ ಹೊತ್ತಿಗೆ ಕುತ್ತಿಗೆಯ ಹಿಂದೆ ಮೊದಲ ಹನಿ. ಅಮ್ಮ ಸೆರಗಿನಿಂದ ಅದನ್ನು ಒತ್ತಿ ಒತ್ತಿ ತೆಗೆದು, ಬೆವರಿತು ಮಗ, ಇನ್ನು ಹೆದರಿಕೆ ಇಲ್ಲ ಎನ್ನುತ್ತಿದ್ದಳು. ಆ ಒಂದು ಮಾತು ಕೇಳಿದರೆ ಸಾಕು, ನಿದ್ದೆ ಬರುತ್ತಿತ್ತು. ಅದು ಸುಳ್ಳೇ? ಅಮ್ಮ ಹಾಗೆ ಮಾಡಿ ಅವನನ್ನು ಎಷ್ಟು ಸಲ ಬದುಕಿಸಿಲ್ಲ? ಆ ಜ್ವರ ಬೇರೆ, ಈ ಕಾವು ಬೇರೆ ಎಂದು ಡಾಕ್ಟರಮ್ಮ ಹೇಳುತ್ತಾಳೆ. ಹೊರಗಿನಿಂದ ಎರಡೂ ಒಂದೇ ಥರ ಸುಡುತ್ತವಲ್ಲ, ಮುಟ್ಟಿದ ಕೈಗೆ ಹೇಗೆ ಗೊತ್ತಾಗಬೇಕು? ರಮಾನಾಥನಿಗೆ ಒಮ್ಮೆಲೇ ಅಮ್ಮನ ಮೇಲೆ ಸಿಟ್ಟು ಬಂತು. ಸತ್ತು ಹದಿನಾಲ್ಕು ವರ್ಷವಾದವಳ ಮೇಲೆ ತಪ್ಪು ಹೊರಿಸುತ್ತಿದ್ದೇನಲ್ಲ ಎಂದು ತನ್ನ ಮೇಲೆ ಅಸಹ್ಯವೂ ಬಂತು. ಅಲ್ಲಾ, ತಪ್ಪು ಗೊತ್ತಾಗುವ ದಾರಿ ಇಲ್ಲದೇ ಇರಲಿಲ್ಲ. ಹನ್ನೆರಡೂವರೆಗೆ ಯಕ್ಷಿತಾ ಫೋನು ಮಾಡಿದ್ದಳು.

ಮಗಳು ಮಧ್ಯಾಹ್ನ ಫೋನು ಮಾಡುವುದೇ ಅಪರೂಪ. ಬಿಸಿಲಲ್ಲಿ ಹೊರಗೆ ಹೋಗಬೇಡ ಎಂದು ಹೇಳಲಿಕ್ಕೆ ಮಾಡಿದ್ದಳು, ಕಾಲೇಜಿನಲ್ಲಿ ಅದೇನೋ ಎಚ್ಚರಿಕೆಯ ಚೀಟಿ ಹಂಚಿದ್ದರಂತೆ. ಇವನು ಮಾತಿಗೆ ಮಾತು ಬಂದು ಮುರಿಗೆಪ್ಪನ ಜ್ವರದ ಸುದ್ದಿ ಹೇಳಿದ, ತಾನು ಕಷಾಯ ಮಾಡಿದ್ದನ್ನೂ ಕೊಂಚ ಹೆಮ್ಮೆಯಿಂದಲೇ ಹೇಳಿದ. ಅವಳು ತಡೆದಳು. “ಪಪ್ಪಾ, ಅವ್ರಿಗೆ ಪಸೀನಾ ಬರ್ತಾ ಇದ್ಯಾ?” ಬೆವರಿಲ್ಲ, ಅದಕ್ಕೇ ಅಲ್ಲವೇ ಹೊದಿಸಿದ್ದು ಎಂದ. ಅವಳ ಕನ್ನಡ ಅಲ್ಲಿಗೆ ಮುಗಿಯಿತು. “ಕಂಬಲ್ ನಿಕಾಲೋ ಪಪ್ಪಾ. ಅಭೀ. ಪಾನಿ ಡಾಲೋ ಉನ್‌ಪೇ. ಅದು ಫೀವರ್ ಅಲ್ಲ.” ಜ್ವರದ ಮೈಮೇಲಿನ ಕಂಬಳಿ ತೆಗೆದು ತಣ್ಣೀರು ಹೊಯ್ಯಬೇಕಂತೆ! ಹುಟ್ಟಿದಂದಿನಿಂದ ಎಸಿಯಲ್ಲಿ ಬೆಳೆದದ್ದು, ನೆಟ್ಟಗೆ ನಾಲ್ಕು ಮಾತು ಕನ್ನಡ ಆಡಲಿಕ್ಕೆ ಬರುವುದಿಲ್ಲ, ನನಗೆ ಜ್ವರ ಕಲಿಸುತ್ತದೆ ಎಂದುಕೊಂಡು ಆಯ್ತು ಆಯ್ತು ಎಂದು ಇಟ್ಟುಬಿಟ್ಟ. ಊಟದ ಹೊತ್ತು, ಬಾಗಿಲಲ್ಲಿ ಜನ ನಿಂತಿದ್ದರು, ಕಾವಲಿಯ ಮುಂದೆ ನಿಂತಿದ್ದ ಹೊಸಬನ ದೋಸೆ ಹರಿಯುತ್ತಿತ್ತು. ಆದರೂ ಹುಡುಗಿಯ ದನಿ ಕಿವಿಯಲ್ಲಿ ಗುಂಯ್‌ಗುಟ್ಟುತ್ತ ಉಳಿಯಿತು. ಇಪ್ಪತ್ತು ನಿಮಿಷ ಕಳೆದ ಮೇಲೆ, ಬೆವರಿರಬಹುದು ನೋಡಿ ಬರೋಣ ಎಂದು ಮೆಟ್ಟಿಲು ಹತ್ತಿದ. ಅಟ್ಟದ ಕಾವು ಮುಖಕ್ಕೆ ಹೊಡೆಯಿತು. ಕಂಬಳಿಯೊಳಗೆ ಕೈ ಹಾಕಿದರೆ ಎಲ್ಲಿಯೂ ಒದ್ದೆಯಿಲ್ಲ. ಮುರಿಗೆಪ್ಪನ ಕಣ್ಣು ಅರ್ಧ ತೆರೆದಿದ್ದವು, ಬಿಳಿಯಷ್ಟೇ ಕಾಣುತ್ತಿತ್ತು, ದವಡೆ ಕಚ್ಚಿಕೊಂಡು ಕಾಲು ಅದುರುತ್ತಿತ್ತು. ರಮಾನಾಥ ಕಂಬಳಿಗಳನ್ನು ಕಿತ್ತೆಸೆದು ಟ್ಯಾಕ್ಸಿಗೆ ಫೋನು ಮಾಡಿದ. ಕೆಳಗಿನಿಂದ ಯಾರೋ ಎರಡು ಸಾದಾ, ಒಂದು ಮೈಸೂರು ಎಂದು ಕೂಗುವುದು ಕೇಳುತ್ತಿತ್ತು.

ಆ ಇಪ್ಪತ್ತು ನಿಮಿಷವನ್ನು ಅವನು ಬೆಂಚಿನ ಮೇಲೆ ಕೂತು ಮತ್ತೆ ಮತ್ತೆ ಅಳೆದ. ಒಮ್ಮೆ ಹದಿನೈದೇ ಇರಬೇಕು ಅನ್ನಿಸಿತು, ಫೋನಿನಲ್ಲಿ ಮಗಳ ಕರೆಯ ಹೊತ್ತನ್ನೂ ಅಟ್ಟದಿಂದ ಟ್ಯಾಕ್ಸಿಗೆ ಮಾಡಿದ ಕರೆಯ ಹೊತ್ತನ್ನೂ ನೋಡಿದರೆ ಇಪ್ಪತ್ತೆರಡಾಗಿತ್ತು. ಯಕ್ಷಿತಾಳಿಂದ ಮೂರು ಸಲ ಕರೆ ಬಂದಿತ್ತು, ಎತ್ತಿರಲಿಲ್ಲ. ಎತ್ತಿದರೆ ಅವಳು ಕೇಳುವುದು ಒಂದೇ ಪ್ರಶ್ನೆ, ನಾನು ಹೇಳಿದ ಕೂಡಲೆ ತೆಗೆದಿರಾ ಎಂದು. ನಾಲ್ಕು ಗಂಟೆಗೆ ಒಳಗಿನಿಂದ ನರ್ಸು ಬಂದು ನೂರಾ ಎರಡಕ್ಕೆ ಇಳಿದಿದೆ, ಬೇಕಾದರೆ ಒಳಗೆ ಬಂದು ನೋಡಿ ಎಂದಳು. ಹೋದ. ಸೊಂಟದ ಮೇಲೊಂದು ಒದ್ದೆ ಬಟ್ಟೆ ಬಿಟ್ಟರೆ ಮುರಿಗೆಪ್ಪನ ಮೈಮೇಲೆ ಏನೂ ಇರಲಿಲ್ಲ. ಕಂಕುಳಲ್ಲಿ, ಕುತ್ತಿಗೆಯ ಬದಿಯಲ್ಲಿ ಮಂಜುಗಡ್ಡೆ, ಎರಡು ಕಡೆಯಿಂದ ಫ್ಯಾನು, ಮೂತ್ರದ ಚೀಲದಲ್ಲಿ ಚಹಾದ ಬಣ್ಣದ ನಾಲ್ಕು ಹನಿ. ಎಂಟು ವರ್ಷದಿಂದ ದಿನಕ್ಕೆ ಹನ್ನೆರಡು ಗಂಟೆ ಕಣ್ಣ ಮುಂದಿದ್ದವನ ಎದೆಯ ಮೇಲೆ ಇಷ್ಟುದ್ದ ಸುಟ್ಟ ಕಲೆಗಳಿವೆ ಎಂಬುದು ರಮಾನಾಥನಿಗೆ ಗೊತ್ತಿರಲಿಲ್ಲ. ಹೆಸರು ಹಿಡಿದು ಕರೆದ. ರೆಪ್ಪೆ ಕೂಡ ಅಲುಗಲಿಲ್ಲ. ಈಗ ಡಾಕ್ಟರಮ್ಮ ಬಂದರೆ ಹೇಳಿಬಿಡುತ್ತೇನೆ, ಹೊದಿಸಿದ್ದು ನಾನು ಎಂದು ಹೇಳಿಬಿಡುತ್ತೇನೆ ಎಂದು ನಿಶ್ಚಯಿಸಿದ. ಡಾಕ್ಟರಮ್ಮ ಬಂದಳು, ಕಣ್ಣಿಗೆ ಟಾರ್ಚು ಬಿಟ್ಟು ನೋಡಿದಳು, ಹೋದಳು. ರಮಾನಾಥ ಗಂಟಲು ಸರಿಮಾಡಿಕೊಂಡಿದ್ದಷ್ಟೇ ಬಂತು.

ಐದರ ಹೊತ್ತಿಗೆ ರಾಚವ್ವ ಬಂದಳು. ಮುರಿಗೆಪ್ಪನ ಹೆಂಡತಿ. ಅನಿಲ ಫೋನು ಮಾಡಿ ಹೇಳಿದ್ದ. ಮುಲುಂಡಿನ ಕಟ್ಟಡದ ಕೆಲಸದಿಂದ ನೆಟ್ಟಗೆ ಬಂದಿದ್ದಳು. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟಿದ್ದಳು, ಕೈ ಹುಬ್ಬುಗಳ ಮೇಲೆಲ್ಲ ಸಿಮೆಂಟಿನ ಬಿಳುಪು. ವರ್ಷಕ್ಕೊಮ್ಮೆ ದೀಪಾವಳಿಯ ಸಿಹಿ ಒಯ್ಯಲು ಹೋಟೆಲಿನ ಹಿಂಬಾಗಿಲಿಗೆ ಬರುತ್ತಿದ್ದವಳು, ಇವನ ಮುಂದೆ ಒಂದು ಮಾತೂ ಆಡಿದವಳಲ್ಲ. ಈಗ ವಾರ್ಡಿನೊಳಗೆ ಬಂದವಳೇ ಗಂಡನನ್ನು ನೋಡುವ ಮೊದಲು ರಮಾನಾಥನ ಕಾಲಿಗೆ ಬಗ್ಗಿದಳು. ಅವನು ಗಾಬರಿಯಿಂದ ಹಿಂದಕ್ಕೆ ಸರಿದು ಮಂಚಕ್ಕೆ ತಾಗಿ ನಿಂತ. “ಅನಿಲಣ್ಣ ಎಲ್ಲಾ ಹೇಳ್ಯಾನ್ರಿ,” ಎಂದಳು. “ನಿಮ್ಮ ಕೈಯ್ಲೆ ಕಷಾಯ ಕಾಸಿ ಕುಡಿಸೀರಂತ, ನೀವೇ ಹೊಚ್ಚೀರಂತ. ಹಡದಾಕಿ ಮಾಡಿದಂಗ ಮಾಡೀರಿ. ಈ ಊರಾಗ ಯಾರು ಯಾರಿಗೆ ಮಾಡ್ತಾರ್ರಿ?” ಅನಿಲ ಇಷ್ಟನ್ನೇ ಏಕೆ ಹೇಳಿದ, ಉಳಿದದ್ದು ಹೇಳಲು ಅವನಿಗೂ ನಾಲಿಗೆ ಏಳಲಿಲ್ಲವೇ? ಇದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ಒಳ್ಳೆಯದಿತ್ತು ಎಂದು ರಮಾನಾಥನಿಗೆ ಅನ್ನಿಸಿತು.

ಆಮೇಲೆ ಅವಳು ಗಂಡನ ಕಡೆ ತಿರುಗಿ ಬೆಚ್ಚಿ ನಿಂತಳು. ಕಾಲು ಮುಟ್ಟಿದಳು, ಹಣೆ ಮುಟ್ಟಿದಳು. ಮಂಜುಗಡ್ಡೆ ಕೈಗೆ ತಾಗಿ ಏನಿದು ಎನ್ನುವಂತೆ ನೋಡಿದಳು. ಮೈಯಾಗ ಜ್ವರ ಇಟ್ಟುಕೊಂಡು ತಣ್ಣೀರಿನಾಗ ಮಲಗಿಸಿದ್ದಾರಲ್ಲ, ಗಾಳಿ ಬೇರೆ ಬಿಟ್ಟಿದ್ದಾರಲ್ಲ, ಬಡವರ ಜೀವ ಅಂತ ಏನು ಬೇಕಾದರೂ ಮಾಡುತ್ತಾರೇನು, ಒಂದು ಮಾತು ಹೇಳ್ರಿ ಡಾಕ್ಟರ್‌ಗೆ, ನಿಮ್ಮ ಮಾತು ಕೇಳುತ್ತಾರೆ ಎಂದು ಗೋಗರೆದಳು. ಅಷ್ಟರಲ್ಲಿ ಅವಳ ಕೈ ತಾನಾಗಿ ಕೆಲಸಕ್ಕೆ ಹತ್ತಿತು. ಫ್ಯಾನೊಂದನ್ನು ಗೋಡೆಗೆ ತಿರುಗಿಸಿದಳು. ಕಂಕುಳಿನ ಚೀಲ ಎಳೆದು ನೆಲಕ್ಕಿಟ್ಟಳು. ತಾನು ತೊಟ್ಟಿದ್ದ ಅಂಗಿಯ ಗುಂಡಿಗಳನ್ನು ಬಿಚ್ಚಿ, ಬೆವರಿನಿಂದ ತೋಯ್ದ ಆ ಅಂಗಿಯನ್ನು ಕಳಚಿ, ಹಿಂಡಿ, ಕೊಡವಿ, ಗಂಡನ ಎದೆಯ ಮೇಲೆ ಹಾಸಿ ಎರಡೂ ಬದಿ ಒತ್ತಿ ಮುಚ್ಚತೊಡಗಿದಳು. ನರ್ಸು ವಾರ್ಡಿನ ಇನ್ನೊಂದು ತುದಿಯಲ್ಲಿದ್ದಳು. ಅವಳನ್ನು ಕೂಗಿದರೆ ಸಾಕಾಗಿತ್ತು, ಬೈದು ತೆಗೆಸುತ್ತಿದ್ದಳು, ರಮಾನಾಥ ಒಂದು ಮಾತೂ ಆಡಬೇಕಾಗಿರಲಿಲ್ಲ. ಆ ಯೋಚನೆ ಬಂತು ಕೂಡ. ಆದರೆ ರಾಚವ್ವ ಸೊಂಟದ ಬಳಿ ಅಂಗಿಯ ಅಂಚನ್ನು ಮಡಚುತ್ತಿದ್ದ ರೀತಿ ಅಮ್ಮನದೇ, ತನ್ನದೇ. ಮುಂದೆ ಹೋಗಿ ಅವಳ ಎರಡೂ ಕೈ ಹಿಡಿದುಬಿಟ್ಟ. ಅನ್ಯ ಹೆಂಗಸಿನ ಕೈಯನ್ನು ಹೀಗೆ ಹಿಡಿದದ್ದು ಅವನ ಬಾಳಿನಲ್ಲೇ ಮೊದಲು.

“ಬೇಡ ರಾಚವ್ವ. ಹೊದಿಸ್ಬೇಡಿ. ಹೊದಿಸಿದ್ದಕ್ಕೇ ಇವನಿಗೆ ಹೀಗಾದ್ದು.” ಅವಳು ಬಿಟ್ಟ ಕಣ್ಣು ಬಿಟ್ಟಂತೆಯೇ ನೋಡಿದಳು. ರಮಾನಾಥ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಬಾಯಿ ಕಟ್ಟಿಹೋಗುತ್ತದೆಂದು ಗೊತ್ತಿತ್ತು. ಮಂಗಳವಾರ ಎಲ್ಲರ ಮುಂದೆ ಬೈದದ್ದು, ಇವನು ನೀರು ಬಿಟ್ಟದ್ದು, ಒಣ ಮೈ ನೋಡಿ ತಾನು ಹೊಗಳಿದ್ದು, ಕಿಟಕಿ ಮುಚ್ಚಿಸಿದ್ದು, ಎರಡು ಕಂಬಳಿ, ಮಗಳು ಹೇಳಿದ ಮೇಲೂ ಇಪ್ಪತ್ತೆರಡು ನಿಮಿಷ ಅಟ್ಟ ಹತ್ತದೇ ಉಳಿದದ್ದು. ಬೆವರು ನಿಂತ ಮೈ ಇಷ್ಟು ಸುಟ್ಟರೆ ಅದು ಜ್ವರವಲ್ಲವಂತೆ, ತಣ್ಣೀರು ಹೊಯ್ಯಬೇಕಂತೆ, ಗಾಳಿ ಹಾಕಬೇಕಂತೆ, ಹೊದಿಸಿದರೆ ಒಳಗೇ ಬೆಂದುಹೋಗುತ್ತಾರಂತೆ. ನಾನು ಮಾಡಿದ್ದು ಅದನ್ನೇ, ನಿಮ್ಮ ಗಂಡನನ್ನು ನಾನೇ ಈ ಸ್ಥಿತಿಗೆ ತಂದದ್ದು ಎಂದ. ಹೇಳುತ್ತ ಹೇಳುತ್ತ ಎದೆ ಹಗುರಾಗುತ್ತಿರುವುದು ಅವನಿಗೆ ಗೊತ್ತಾಗುತ್ತಿತ್ತು. ಇಷ್ಟೇ ತಾನೆ, ಇದಕ್ಕೆ ಇಷ್ಟು ಹೊತ್ತು ಬೇಕಾಯಿತೇ ಎಂದೂ ಅನ್ನಿಸಿತು. ಇನ್ನು ಅವಳು ಬೈಯಲಿ, ಮುಖಕ್ಕೆ ಉಗುಳಲಿ, ವಾರ್ಡು ಒಂದಾಗುವ ಹಾಗೆ ಚೀರಲಿ. ಅವನು ತಲೆ ತಗ್ಗಿಸಿ ಕಾದು ನಿಂತ.

ಅವಳು ಚೀರಲಿಲ್ಲ. ಅವನ ಹಿಡಿತದಿಂದ ಕೈ ಬಿಡಿಸಿಕೊಂಡು ಗಂಡನ ಮೈಮೇಲಿನ ಅಂಗಿಯನ್ನು ಮೆಲ್ಲಗೆ ತೆಗೆದಳು. ಫ್ಯಾನನ್ನು ಮೊದಲಿನ ಹಾಗೆ ತಿರುಗಿಸಿದಳು, ನೆಲದ ಚೀಲವನ್ನೆತ್ತಿ ಕಂಕುಳಿಗಿಟ್ಟಳು. ಎಲ್ಲ ಮುಗಿಸಿ ಮಂಚದ ಬದಿಯಲ್ಲಿ ನೆಲದ ಮೇಲೆ ಕೂತಳು. “ಎಲ್ಲಾರಿಗೂ ಹಂಗೇನ್ರಿ?” ಎಂದಳು. ಏನು ಹಾಗೆ ಎಂದು ಅವನಿಗೆ ಹೊಳೆಯಲಿಲ್ಲ. “ಬೆವರಿಲ್ದ ಸುಡ್ತಿದ್ರ. ಸಣ್ಣ ಹುಡುಗರಿಗೂ ಹೊಚ್ಚಬಾರದೇನ್ರಿ?” ಯಾರಿಗೂ ಹೊದಿಸಬಾರದಂತೆ ಎಂದ ರಮಾನಾಥ. ಅಂದಮೇಲೆ ಅವಳ ಮುಖ ಕಂಡಿತು.

ಶಿವಕುಮಾರಿ ಎಂದು ಅವಳ ಮಗಳ ಹೆಸರು. ಆರು ವರ್ಷದ್ದು. ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಕಟ್ಟಡದ ಜಾಗದ ತಗಡಿನ ಶೆಡ್ಡಿನಲ್ಲಿ ಮಧ್ಯಾಹ್ನ ಆಟ ಬಿಟ್ಟು ಬಂದು ಮಲಗಿತಂತೆ. ಮೈ ಕೆಂಡ. ಮುರಿಗೆಪ್ಪ ಇಲ್ಲಿ ಕಾವಲಿಯ ಮುಂದಿದ್ದ, ರಾಚವ್ವ ಒಬ್ಬಳೇ. ಜ್ವರ ಎಂದು ಎರಡು ಕೌದಿ ಹೊಚ್ಚಿ, ಮಗು ಕಿತ್ತು ಕಿತ್ತು ಒಗೆಯುತ್ತಿದ್ದರೆ ಮೇಲೆ ತನ್ನ ಮೈ ಹಾಕಿ ಅವುಚಿಕೊಂಡು, ಬೆವರಲಿ, ಬೆವರಲಿ ಎಂದು ದೀಪ ಹಚ್ಚುವ ಹೊತ್ತಿನವರೆಗೂ ಮಲಗಿದ್ದಳಂತೆ. ಆಮೇಲೆ ಮಗು ಕಿತ್ತೊಗೆಯಲಿಲ್ಲ. ಇದನ್ನು ಅವಳು ಕಣ್ಣೀರಿಲ್ಲದೆ, ಎಲ್ಲೋ ಕೇಳಿದ ಸುದ್ದಿಯ ಹಾಗೆ, ಮಂಚದ ಕಾಲನ್ನು ನೋಡುತ್ತ ಹೇಳಿದಳು. ರಮಾನಾಥನಿಗೆ ನೆನಪಾಯಿತು. ಆ ಮೇನಲ್ಲಿ ಮುರಿಗೆಪ್ಪ ನಾಲ್ಕು ದಿನ ರಜೆ ಕೇಳಿದ್ದ, ಮಗು ಜ್ವರದಿಂದ ಹೋಯಿತು ಎಂದಿದ್ದ, ತಾನು ಪಾಪ ಎಂದಿದ್ದ.

ತನ್ನ ಎದೆ ಹಗುರ ಮಾಡಿಕೊಳ್ಳಲಿಕ್ಕೆ ಆಡಿದ ಮಾತು ಎಲ್ಲಿ ಹೋಗಿ ಬಿತ್ತು! ಈ ಹೆಂಗಸು ಎರಡು ವರ್ಷ ದೇವರು ಕೊಟ್ಟ, ದೇವರು ಒಯ್ದ ಎಂದು ಹೇಗೋ ಎದೆ ಕಲ್ಲು ಮಾಡಿಕೊಂಡು ಬದುಕಿದ್ದಳು. ಈಗ ನಿಂತ ನೆಲವನ್ನೇ ಅವಳ ಕಾಲ ಕೆಳಗಿಂದ ಎಳೆದಾಯಿತು. ಏನಾದರೂ ಹೇಳಬೇಕು, ಈಗಲೇ, ಈ ಕ್ಷಣ. ಸತ್ಯವಂತನಾಗಿ ಐದು ನಿಮಿಷವೂ ಆಗಿರಲಿಲ್ಲ.

“ಅದು ಬೇರೆ ಜ್ವರ ರಾಚವ್ವ,” ಎಂದ. “ಮಕ್ಕಳಿಗೆ ಬರೂದು ಬೇರೆ. ಅದಕ್ಕೆ ಹೊದಿಸ್ಲೇಬೇಕು. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ.” ದನಿ ಗಟ್ಟಿಯಾಗಿಯೇ ಬಂತು, ಗಿರಾಕಿಗಳನ್ನು ಒಪ್ಪಿಸುವ ದನಿ. ಅವಳು ತಲೆಯೆತ್ತಿ ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಎಳೆಯ ಮಗು ಸುಳ್ಳು ಹೇಳಿದಾಗ ದೊಡ್ಡವರು ನೋಡುತ್ತಾರಲ್ಲ, ಹಾಗಿತ್ತು.

“ನೀವು ಅಕಿನ್ನ ನೋಡಿದ್ದಿಲ್ಲಲ್ರಿ,” ಎಂದಳು. “ನಾ ನೋಡೇನಿ. ಒಂದು ಹನಿ ಬೆವತಿದ್ದಿಲ್ಲ.”

ನರ್ಸು ಬಕೆಟ್ಟು ತಂದಿಟ್ಟು ಹೋದಳು. ರಾಚವ್ವ ಎದ್ದು, ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡದೆ, ಗಂಡನ ಎದೆಯ ಮೇಲೆ ಹಾಕಿದಳು. ಮತ್ತೆ ಅದ್ದಿದಳು, ಮತ್ತೆ ಹಾಕಿದಳು. ನೀರು ಮಂಚದಿಂದ ಇಳಿದು ಅವಳ ಕಾಲನ್ನೂ ರಮಾನಾಥನ ಚಪ್ಪಲಿಯನ್ನೂ ತೋಯಿಸುತ್ತಿತ್ತು. ಅವಳ ಕೈ ನಿಲ್ಲಲಿಲ್ಲ.